ಜ್ಯೂರಿಕ್‌ನ ವಾರಾನ್ನ

ಮಗಳ ಓದಿಗೆ ತಂದೆತಾಯಿ ಸಾಲ ಮಾಡಿದರು. ಮಗಳು ದುಡಿದು ಆ ಸಾಲ ತೀರಿಸಿದಳು. ಅಲ್ಲಿಗೆ ಮುಗಿಯಿತೇ? ಮುಗಿಯಿತು ಅನ್ನುವವರೂ ಇದ್ದಾರೆ, ಏಳು ಜನ್ಮಕ್ಕೂ ಮುಗಿಯುವುದಿಲ್ಲ ಅನ್ನುವವರೂ ಇದ್ದಾರೆ. ಪುಣೆಯ ನನ್ನ ಆಫೀಸಿನ ಕ್ಯಾಂಟೀನಿನಲ್ಲಿ ಎರಡೂ ಪಕ್ಷದವರು ಸಿಗುತ್ತಾರೆ. ಇಬ್ಬರ ಮಾತಿಗೂ ನನ್ನ ತಕರಾರಿದೆ.

ಪ್ರಶ್ನೆ ನನ್ನ ಮನೆಯೊಳಗೇ ಬಂದದ್ದು 2025ರ ಜೂನ್‌ನಲ್ಲಿ. ಅಕ್ಕನ ಮಗಳು ಹುಬ್ಬಳ್ಳಿಯವಳು. ಕೊಥ್ರೂಡ್‌ನ ನಮ್ಮ ಮನೆಯಲ್ಲಿ ನಾಲ್ಕು ವರ್ಷ ಇದ್ದು ಪುಣೆಯಲ್ಲಿ ಬಿಇ ಮಾಡಿದಳು. 2022ರಲ್ಲಿ ಮಾಸ್ಟರ್ಸ್‌ಗೆಂದು ಜ್ಯೂರಿಕ್‌ನ ಇಟಿಎಚ್ ಸೇರಿದಳು. ಅವಳ ಪದವಿ ಸಮಾರಂಭಕ್ಕೆ ಅಕ್ಕ, ಭಾವ, ನಾನು, ನನ್ನ ಹೆಂಡತಿ ನಾಲ್ಕೂ ಜನ ಹೊರಟೆವು. ವೀಸಾದ ಫೈಲು ಜೋಡಿಸುವ ಕೆಲಸ ಸಹಜವಾಗಿ ಪ್ರಾಜೆಕ್ಟ್ ಮ್ಯಾನೇಜರನ ಪಾಲಿಗೆ ಬಂತು. ನಮಗೆ ಖರ್ಚು ಮಾಡುವ ತಾಕತ್ತಿದೆ ಎಂದು ತೋರಿಸಲು ಭಾವನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದೆ. ಅದರಲ್ಲಿ ಪ್ರತಿ ತಿಂಗಳೂ ಎಜುಕೇಶನ್ ಲೋನಿನ ಬಡ್ಡಿ ಕಡಿತವಾಗಿತ್ತು!

ಜ್ಯೂರಿಕ್ ಚಂದದ ಊರು. ಅದನ್ನು ವರ್ಣಿಸಲು ಯೂಟ್ಯೂಬಿನಲ್ಲಿ ಬೇಕಾದಷ್ಟು ಜನರಿದ್ದಾರೆ. ನದಿಯ ಹತ್ತಿರದಿಂದ ಇಟಿಎಚ್ ಇರುವ ದಿಬ್ಬಕ್ಕೆ 1889ರಿಂದ ಓಡುತ್ತಿರುವ ಪುಟ್ಟ ಕೆಂಪು ಹಗ್ಗದ ರೈಲಿದೆ, ಪಾಲಿಬಾನ್ ಅಂತ. ಅದನ್ನು ಹತ್ತಿ ಹೋಗಿ ಸಮಾರಂಭ ನೋಡಿದೆವು, ಫೋಟೋ ತೆಗೆಸಿಕೊಂಡೆವು. ಸಂಜೆ ಬ್ಯೂರ್ಕ್ಲಿಪ್ಲಾಟ್ಸ್‌ನಿಂದ ಸರೋವರದ ದೋಣಿ ಹತ್ತಿದೆವು. ಆಫೀಸು ಮುಗಿಸಿ ಬಂದವರು ದಡದಲ್ಲಿ ಬಟ್ಟೆ ಬಿಚ್ಚಿಟ್ಟು ನೀರಿಗೆ ಹಾರುತ್ತಿದ್ದರು. ಅಲ್ಲೇ ಕೆಲಸ ಸಿಕ್ಕಿದ ವಿಷಯವನ್ನು ಹುಡುಗಿ ಹೇಳಿದ್ದು ಆಗ. ಅಪ್ಪ ಏನೂ ಕೇಳುವ ಮೊದಲೇ ಮುಂದಿನದನ್ನೂ ಹೇಳಿದಳು: “ಮೂರು ವರ್ಷದಾಗ ಲೋನ್ ಪೂರಾ ನಾನ ಕಟ್ಟತೀನಿ ಅಪ್ಪಾ. ಆಮ್ಯಾಲೆ ಲೆಕ್ಕ ಚುಕ್ತಾ. ನೀವಿಬ್ಬರೂ ಆರಾಮ ಇರ್ರಿ.”

ಅವಳು ಪ್ರೀತಿಯಿಂದಲೇ ಅಂದದ್ದು. ಆದರೆ ಅಕ್ಕ ಆಚೆ ಮುಖ ಮಾಡಿ ನೀರು ನೋಡುತ್ತ ಕೂತಳು. ರಾತ್ರಿ ನನ್ನೆದುರು ಒಂದೇ ಮಾತು: “ಚುಕ್ತಾ ಅಂದ್ಲಲ್ಲೋ.”

ಮೊದಲು ರೊಕ್ಕದ ಲೆಕ್ಕವನ್ನೇ ನೋಡೋಣ, ಅದು ನನ್ನ ಕಸುಬು. ಅವಳು ಸೇರಿದಾಗ ಇಟಿಎಚ್‌ನ ಫೀ ಸೆಮಿಸ್ಟರಿಗೆ 730 ಫ್ರಾಂಕ್. ಪುಣೆಯ ಎಷ್ಟೋ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಫೀ ಇದಕ್ಕಿಂತ ಹೆಚ್ಚು. ಭಾವ ಸಾಲ ಮಾಡಿದ್ದು ಬಹುತೇಕ ಅವಳ ಬಾಡಿಗೆಗೆ, ಊಟಕ್ಕೆ, ವಿಮೆಗೆ. ಪಾಠ ಹೇಳುವ, ಲ್ಯಾಬ್ ನಡೆಸುವ ದೊಡ್ಡ ಖರ್ಚು ಹೊತ್ತದ್ದು ಸ್ವಿಸ್ ತೆರಿಗೆದಾರರು. ಹಾಗಾದರೆ ನೀರಿಗೆ ಹಾರುತ್ತಿದ್ದ ಆ ಅಪರಿಚಿತರೂ ಅವಳ ಸಾಲಗಾರರೇ. ಅಲ್ಲಿನವರಿಗೂ ಈ ಪ್ರಶ್ನೆ ಹೊಳೆದಿರಬೇಕು, 2025ರ ಶರತ್ಕಾಲದಿಂದ ಹೊಸ ವಿದೇಶಿ ವಿದ್ಯಾರ್ಥಿಗಳ ಫೀ ಮೂರು ಪಟ್ಟು, 2,190 ಫ್ರಾಂಕ್ ಆಯಿತು. ಅವರ ಬಾಕಿಯನ್ನು ಇವಳು ಯಾವ ಖಾತೆಗೆ ಕಟ್ಟಬೇಕು?

ಇಂಥ ಬಾಕಿಗೆ ನಮ್ಮ ಕಡೆ ಹಳೆಯ ಹೆಸರೊಂದಿದೆ, ವಾರಾನ್ನ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೆ ಮೊದಲು ಆ ಕಡೆಯ ಹುಡುಗರು ಬಿಎ ಓದಲು ಪುಣೆಗೋ ಮುಂಬೈಗೋ ರೈಲು ಹತ್ತುತ್ತಿದ್ದರು. ಬೇಂದ್ರೆಯವರು 1918ರಲ್ಲಿ ಬಿಎ ಆದದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಿಂದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮ ಮುತ್ತಜ್ಜ ಪುಣೆಯಲ್ಲಿ ವಾರಕ್ಕೆ ಏಳು ಮನೆ ಹಿಡಿದು, ದಿನಕ್ಕೊಂದು ಮನೆಯಲ್ಲಿ ಉಂಡು ಓದಿದನಂತೆ. ಆ ಏಳು ಮನೆಯವರಿಗೆ ಅವನು ತಿರುಗಿ ಏನೂ ಕೊಟ್ಟ ಹಾಗಿಲ್ಲ. ಆದರೆ ಗದಗಿನಲ್ಲಿ ಅವನ ಮನೆಯಲ್ಲಿ ಗುರುವಾರ ಯಾವನಾದರೊಬ್ಬ ಪರಊರಿನ ಹುಡುಗ ಪಂಕ್ತಿಯಲ್ಲಿ ಇರುತ್ತಿದ್ದ. ಬಾಕಿ ತೀರುತ್ತಿದ್ದ ಬಗೆ ಅದು.

ಇಷ್ಟಕ್ಕೇ ಹಿಗ್ಗಬೇಕಾಗಿಲ್ಲ. ವಾರಾನ್ನದ ಬಾಗಿಲು ಜಾತಿ ಕೇಳಿ ತೆರೆಯುತ್ತಿತ್ತು. ಉಳಿದವರಿಗೆ ಮಠಗಳ ಪ್ರಸಾದನಿಲಯಗಳು ಬೇಕಾದವು, ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ತೆರೆಸಿದ ವಸತಿಗೃಹಗಳು ಬೇಕಾದವು. ಇನ್ನು ಓದಿನ ಋಣವನ್ನು ಕರಾರುಪತ್ರದಲ್ಲಿ ಬರೆದಿಟ್ಟ ಪ್ರಸಂಗವೂ ಇದೆ. ಬಡೋದೆಯ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ ಅಂಬೇಡ್ಕರರು 1913ರಲ್ಲಿ ಕೊಲಂಬಿಯಾಕ್ಕೆ ಹೋದರು. ಓದಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಷರತ್ತು. ಅದರಂತೆ 1917ರಲ್ಲಿ ಬಡೋದೆಗೆ ಹೋದರು ಕೂಡ. ಇರಲು ಮನೆ ಸಿಗಲಿಲ್ಲ, ತಂಗಿದ್ದ ಪಾರ್ಸಿ ವಸತಿಗೃಹದಿಂದ ಹೊರಹಾಕಿದರು. ತೀರಿಸಲು ಬಂದವನನ್ನು ಊರೇ ಓಡಿಸಿತು. ಆಮೇಲೆ ಅವರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು, ಮರುವರ್ಷ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಕೊಟ್ಟವರ ಕೈಗೆ ಹೋಗದ ಬಾಕಿ ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಆದ್ದರಿಂದ ‘ವಾಪಸ್ ಬಂದರೇ ಋಣ ತೀರೀತು’ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹುಬ್ಬಳ್ಳಿ ಬಿಟ್ಟು ಇಪ್ಪತ್ತು ವರ್ಷದಿಂದ ಪುಣೆಯಲ್ಲಿರುವ ನನಗೆ ಹಾಗೆನ್ನುವ ಹಕ್ಕೂ ಇಲ್ಲ. ಆದರೆ ವಾರಾನ್ನದ ನ್ಯಾಯದಲ್ಲೂ ಒಂದು ಕೊರತೆ ಇದೆ. ಮುಂದಿನವರಿಗೆ ಕೊಟ್ಟರೆ ಹಿಂದಿನವರದು ತೀರಿತು ಎಂಬುದು ನಮ್ಮಂಥ ಊರು ಬಿಟ್ಟವರಿಗೆ ಬಹಳ ಅನುಕೂಲದ ತತ್ತ್ವ. ಯಾವುದೋ ಶಾಲೆಗೆ ದೇಣಿಗೆ ಕೊಟ್ಟು ರಸೀದಿ ಇಟ್ಟುಕೊಳ್ಳಬಹುದು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಇಳಿಯುವ ತಾಯಿ ಆ ರಸೀದಿಯಲ್ಲಿ ಬರುವುದಿಲ್ಲ. ಸ್ವಿಸ್ ತೆರಿಗೆದಾರ ಇವಳ ಮುಖ ನೋಡಿ ಕೊಟ್ಟವನಲ್ಲ, ಅವನದನ್ನು ಇನ್ನಾರಿಗೋ ಕೊಟ್ಟು ತೀರಿಸಬಹುದು. ಮುಖ ನೋಡಿ ಕೊಟ್ಟವರ ವಿಷಯ ಬೇರೆ.

ಅದೇ ವಿದ್ಯಾಲಯದಿಂದ, ಅದಿನ್ನೂ ಪಾಲಿಟೆಕ್ನಿಕ್ ಆಗಿದ್ದಾಗ, 1900ರಲ್ಲಿ ಐನ್‌ಸ್ಟೈನ್ ಡಿಪ್ಲೊಮಾ ಪಡೆದ. ಕೆಲಸ ಸಿಗಲಿಲ್ಲ. 1901ರ ಏಪ್ರಿಲ್‌ನಲ್ಲಿ ವ್ಯಾಪಾರದಲ್ಲಿ ಸೋತಿದ್ದ ಅವನ ತಂದೆ ಹೆರ್ಮನ್, ಮಗನಿಗೆ ತಿಳಿಸದೆ ಲೈಪ್ಜಿಗ್‌ನ ಪ್ರಖ್ಯಾತ ವಿಜ್ಞಾನಿ ಓಸ್ಟ್‌ವಾಲ್ಡ್‌ಗೆ ಕಾಗದ ಬರೆದ. ಹುಡುಗ ಕುಗ್ಗಿಹೋಗಿದ್ದಾನೆ, ಎರಡು ಪ್ರೋತ್ಸಾಹದ ಸಾಲು ಬರೆಯಿರಿ, ಆದರೆ ಕೆಲಸವಿದ್ದರೆ ಕೊಡಿ ಎಂಬ ಅರ್ಥದ ಬಿನ್ನಹ. ಕೆಲಸವೇನೂ ಬರಲಿಲ್ಲ. 1902ರಲ್ಲಿ ಮಗ ಬರ್ನ್‌ನ ಪೇಟೆಂಟ್ ಕಚೇರಿ ಸೇರಿದ, ಅದೇ ಅಕ್ಟೋಬರ್‌ನಲ್ಲಿ ತಂದೆ ತೀರಿಕೊಂಡ. 1905ನ್ನು ಅವನು ನೋಡಲಿಲ್ಲ. ಆ ಕಾಗದ ಬರೆಯಲು ಅವನಿಗೆ ಎಷ್ಟು ಸಂಕೋಚವಾಗಿತ್ತೋ, ಅದನ್ನು ಮೂರು ವರ್ಷದಲ್ಲಿ ಕಟ್ಟಿ ಮುಗಿಸುವುದು ಹೇಗೆ?

ನಮ್ಮ ಭಾವ ಇಷ್ಟೆಲ್ಲ ಓದಿದವರಲ್ಲ. ವಾಪಸ್ ಬಂದ ವಾರದಲ್ಲೇ ಬ್ಯಾಂಕಿಗೆ ಹೋಗಿ, ಲೋನಿನ ಅರ್ಧ ಕಂತು ತಮ್ಮ ಪೆನ್ಶನ್ ಖಾತೆಯಿಂದಲೇ ಹೋಗುವಂತೆ ಬರೆದುಕೊಟ್ಟು ಬಂದರು. ಮಗಳು ಫೋನಿನಲ್ಲಿ ಜಗಳ ತೆಗೆದಳು, ನಾನಿರುವಾಗ ನಿಮಗ್ಯಾಕೆ ಆ ಉಸಾಬರಿ ಅಂತ. ಸಾಲದ್ದಕ್ಕೆ ನನಗೂ ಫೋನ್ ಮಾಡಿ, “ಮಾಮಾ, ನೀವರ ಹೇಳ್ರಿ ಅಪ್ಪಗ” ಅಂದಳು. ನಾನು ಹೇಳಲಿಲ್ಲ, ಈ ವಿಷಯದಲ್ಲಿ ನಾನು ಭಾವನ ಕಡೆ. ಅವರು ಕಾರಣ ಕೊಡುವುದಿಲ್ಲ. ಹೆಚ್ಚು ಕೇಳಿದರೆ, “ಅರ್ಧಾ ನಂದೂ ಇರ್ಲಿ ಬಿಡೋ” ಅನ್ನುತ್ತಾರೆ. ಈ ತಿಂಗಳೂ ಐದನೇ ತಾರೀಖಿಗೆ ಎರಡು ಖಾತೆಗಳಿಂದ ಹಣ ಹೋಗಿದೆ. ಅವಳ ಸಿಟ್ಟು ಇನ್ನೂ ಇಳಿದಿಲ್ಲ.