ಮಾನ ಯಾರದು, ಜೀವ ಯಾರದು?

ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ, ಜಗಳೂರಿನಲ್ಲಿ ಮೆಕ್ಕೆಜೋಳ ಮುರಿಯುವ, ಹೊನ್ನಾಳಿ-ನ್ಯಾಮತಿಯ ಗದ್ದೆಗಳಲ್ಲಿ ನಾಟಿ ಹಚ್ಚುವ ನಮ್ಮ ಅವ್ವಂದಿರ ಬಾಯಲ್ಲಿ ಒಂದು ಮಾತಿದೆ: ‘ಹೆಂಗಸ್ರ ಬ್ಯಾನಿ ಹೊರಗ ಹೇಳಬಾರ್ದು, ಮಾನ ಹೋಗ್ತತಿ.’ ಮುಟ್ಟು ನಿಂತ ಮೇಲೆ ರಕ್ತ ಕಂಡರೂ ಸೆರಗು ಕಚ್ಚಿಕೊಂಡು ಕೂಲಿಗೆ ಹೋಗುತ್ತಾರೆ. ಓದಿದ ಮಕ್ಕಳಾದ ನಾವೂ ಕೇಳಲಿಲ್ಲ. ಅವ್ವನ ಮೇಲೆ ಪದ್ಯ ಬರೆದೆವು, ಅವಳ ನೋವು ಕೇಳಲು ನಾಚಿದೆವು.

ಯಾವ ಮಾನ ಇದು? ಹೊಲದಲ್ಲಿ, ಒಡೆಯನ ಹಿತ್ತಿಲಲ್ಲಿ ಈ ಮೈಗೆ ಮಾನ ಕೊಡದ ಸಮಾಜ ದವಾಖಾನೆಯ ಬಾಗಿಲಲ್ಲಿ ಮಾತ್ರ ಅದನ್ನು ನೆನಪಿಸುತ್ತದೆ!

ಗರ್ಭಕಂಠದ ಕ್ಯಾನ್ಸರ್ ಕರ್ಮವಲ್ಲ, ದೇವಿಯ ಮುನಿಸೂ ಅಲ್ಲ. ಅದಕ್ಕೆ ಮೂಲ ಹೆಚ್.ಪಿ.ವಿ. ಎಂಬ ವೈರಸ್ಸು. ಗಂಡನಿಂದ ಬಂದಿದ್ದರೂ ಜನ ಹೆಂಡತಿಯ ನಡತೆಯನ್ನೇ ಅಳೆಯುತ್ತಾರೆ. ಬಹುಪಾಲು ಸೋಂಕು ತಾನಾಗಿ ಹೋಗುತ್ತದೆ. ಹೋಗದೆ ಉಳಿದದ್ದು ಕ್ಯಾನ್ಸರಾಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಸಾವು ಅಷ್ಟು ವಾಯಿದೆ ಕೊಡುತ್ತದೆ. ತರಬೇತಾದ ನರ್ಸಮ್ಮ ಹತ್ತಿಯಲ್ಲಿ ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದರೆ ಸಂಶಯದ ಜಾಗ ಬೆಳ್ಳಗಾಗುತ್ತದೆ. ಬೆಳ್ಳಗಾದದ್ದೆಲ್ಲ ಕ್ಯಾನ್ಸರಲ್ಲ, ಆದರೆ ಆಗಲೇ ಚಿಕಿತ್ಸೆ ಕೊಟ್ಟರೆ ಮುಂದೆ ಕ್ಯಾನ್ಸರಾಗದಂತೆ ತಡೆಯಬಹುದು. 30 ದಾಟಿದವರಿಗೆ 5 ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿತು. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, 30–49 ವಯಸ್ಸಿನ ನೂರು ಹೆಂಗಸರಲ್ಲಿ ಒಮ್ಮೆಯಾದರೂ ಪರೀಕ್ಷೆ ಆದವರು ಇಬ್ಬರಿಗೂ ಕಡಿಮೆ.

ಕಲಬುರಗಿಯ ಗಡಿಯಾಚೆ ಉಸ್ಮಾನಾಬಾದಿನಲ್ಲಿ 1999ರಲ್ಲಿ ಒಂದು ಪ್ರಯೋಗ ಶುರುವಾಯಿತು. ಒಂದು ಗುಂಪಿನ 34,126 ಹೆಂಗಸರನ್ನು ಒಮ್ಮೆ ಹೆಚ್.ಪಿ.ವಿ. ಪರೀಕ್ಷೆಗೆ ಕರೆದರು, ಎಂಟು ವರ್ಷದಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34. ಇನ್ನೊಂದು ಗುಂಪಿನ 31,488 ಹೆಂಗಸರನ್ನು ಎಂದಿನ ವ್ಯವಸ್ಥೆಗೇ ಬಿಟ್ಟರು, ಸತ್ತವರು 64. ಉಳಿಸುವ ದಾರಿ ಗೊತ್ತಿದ್ದೂ ಹೀಗೆ ಬಿಡುವುದು ನ್ಯಾಯವೇ ಎಂದು ಆಮೇಲೆ ಪ್ರಶ್ನೆಗಳೆದ್ದವು. ಏಳಲೇಬೇಕಿತ್ತು. ಆದರೆ ಗೆಳೆಯರೆ, ನಮ್ಮ ಅವ್ವಂದಿರು ಯಾವ ಪ್ರಯೋಗಕ್ಕೂ ಸೇರದೆ ಆ ಎರಡನೇ ಗುಂಪಿನಲ್ಲೇ ಇದ್ದಾರಲ್ಲ! ಅಲ್ಲಿ ಸತ್ತವರನ್ನು ಎಣಿಸಿದರು. ಇಲ್ಲಿ ಎಣಿಸುವವರು ಯಾರು?

‘ಕರೆದ್ರೂ ಬರಲ್ಲ’ ಅನ್ನುತ್ತಾರೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನ ಕಾಸು ಹೊಂದಿಸಿ ಬಂದವಳಿಗೆ ಮರೆಯಿಲ್ಲದ ಕೋಣೆ, ಗದರುವ ಬಾಯಿ, ಮುಂದಿನ ಚಿಕಿತ್ಸೆಗೆ ಬರೀ ಒಂದು ಚೀಟಿ. ಹೀಗಿದ್ದರೆ ಯಾಕೆ ಬರಬೇಕು? ಚಿಕಿತ್ಸೆಯಿಲ್ಲದ ತಪಾಸಣೆ ಲೆಕ್ಕ ತುಂಬುವ ಕೆಲಸ. ಕೇಳದೆ ಮುಟ್ಟುವ ತಪಾಸಣೆ ಇನ್ನೊಂದು ದೌರ್ಜನ್ಯ. ಹೆಣ್ಣು ನರ್ಸು, ಮುಚ್ಚುವ ಬಾಗಿಲು, ಬಿಡಿಸಿ ಹೇಳುವ ಮಾತು, ಕೊನೆಯತನಕ ಚಿಕಿತ್ಸೆ ಇವು ನಮ್ಮ ಹಕ್ಕು, ಯಾರ ಕರುಣೆಯೂ ಅಲ್ಲ.

ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ಈ ಹಕ್ಕನ್ನು ಕೇಳಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗೋಣ. ಅದಕ್ಕೂ ಮೊದಲು ಇವತ್ತು ರಾತ್ರಿ ಅವ್ವನ ಪಕ್ಕ ಕೂತು ಕೇಳೋಣ: ‘ಅವ್ವಾ, ಎಲ್ಲಿ ನೋಯ್ತತಿ?’