ಆಲಿಕಲ್ಲು ಬಿದ್ದ ದಿನ ತಪ್ಪು ಯಾರದು?

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಹಿಮ ಬೀಳೋದಿಲ್ಲ. ಆದರೆ ಆಲಿಕಲ್ಲು ಬೀಳ್ತದೆ. 2014ರ ಫೆಬ್ರವರಿ-ಮಾರ್ಚಿನಲ್ಲಿ ಉತ್ತರ ಕರ್ನಾಟಕದ ಹಲವು ಕಡೆ ನಿಂತ ಬೆಳೆಯೇ ನೆಲಕಚ್ಚಿತು.

ಒಂದು ಬೇಸಿಗೆ ನಾನು ರಜೆಗೆ ಸುರಪುರದ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಕಾಕಾ ಕಣದ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಸಂಜೆ ಆಲಿಕಲ್ಲು ಮಳೆ ಬಂತು, ಎಲ್ಲ ತೊಯ್ದುಹೋಯಿತು. ತೊಯ್ದ ಕಾಯಿಗೆ ಬೂಷ್ಟು ಹಿಡೀತದೆ, ಬಣ್ಣ ಹೋಗ್ತದೆ, ರೇಟು ಬೀಳ್ತದೆ.

ನಾನಂದೆ: "ಕಾಕಾ, ತಾಡಪಾಲು ತಂದಿಡಬೇಕಿತ್ತು. ಮಳಿ ಬರ್ತದಂತ ಮೊಬೈಲ್‌ನಾಗ ಮಧ್ಯಾಹ್ನನೇ ತೋರಿಸಿತ್ತು."

ಕಾಕಾ ನನ್ನ ಮುಖ ನೋಡಿದರು. "ತಾಡಪಾಲಿಗೆ ರೊಕ್ಕ ಇರಲಿಲ್ಲೋ ತಮ್ಮಾ. ನಿನಗ ಗೊತ್ತಿತ್ತಲ್ಲ, ಒಂದು ಮಾತು ಹೇಳಿದ್ರ ಚೀಲಕ್ಕ ತುಂಬಿ ಒಳಗ ಇಡ್ತಿದ್ದೆ."

ಆ ರಾತ್ರಿ ನನಗೆ ಪ್ರಾರ್ಥನೆ ಬರಲಿಲ್ಲ. ಸಿದ್ಧವಾಗಿರದವನು ಕಾಕಾ ಅಂದುಕೊಂಡಿದ್ದೆ. ನಿಜವಾಗಿ ಗೊತ್ತಿದ್ದೂ ಸುಮ್ಮನಿದ್ದವನು ನಾನು.

ಯೋಸೇಫನಿಗೆ ಬರಗಾಲ ಬರೋದು ಮೊದಲೇ ತಿಳಿಯಿತು. ಅವನು ಏಳು ವರ್ಷ ಧಾನ್ಯ ಕೂಡಿಟ್ಟದ್ದು ತನ್ನೊಬ್ಬನ ಹೊಟ್ಟೆಗಲ್ಲ. ಪ್ರಿಯರೇ, ಮುಂಚೆ ತಿಳಿದವನ ಮೇಲೆ ಹೇಳುವ ಹೊಣೆಯೂ ಇದೆ. "ಅವರು ಯಾಕೆ ಸಿದ್ಧವಾಗಿರಲಿಲ್ಲ" ಅನ್ನೋ ಮೊದಲು, ಇವತ್ತು ಊರಿಗೆ ಒಂದು ಫೋನ್ ಮಾಡೋಣ. ಆಮೆನ್.