ಬೇಗಡೆಯ ಮೇಲಣ ಹರಳು

ಕುಂದಣದ ಒಡವೆಯಲ್ಲಿ ಹೊಳೆಯುವುದು ಹರಳೊಂದೇ ಅಲ್ಲ. ಚಿನ್ನದ ಗುಳಿಯಲ್ಲಿ ಅರಗನ್ನು ತುಂಬಿ, ಅದರ ಮೇಲೆ ಬೇಗಡೆಯ ತುಣುಕನ್ನಿಟ್ಟು, ಹರಳನ್ನು ಕೂಡಿಸಿ, ಅಪ್ಪಟ ಚಿನ್ನದ ಮೆದುತಗಡನ್ನು ಅಂಚಿನ ಸುತ್ತ ಒತ್ತುವುದು ಈ ಕೆಲಸದ ಕ್ರಮ. ಬೆಸುಗೆ ಬೇಡ, ಅಪ್ಪಟ ಚಿನ್ನವು ಒತ್ತಿದರೆ ತಾನೇ ಕೂಡಿಕೊಳ್ಳುವುದು. ಮಂಕುಗೆಂಪು ಕೆಂಡದಂತೆ ಕಾಣುವುದು ಕೆಳಗಿನ ಬೇಗಡೆಯಿಂದ. ಹಾಗಾದರೆ ಪತ್ತಾರನು ಮಾಡಿದುದು ಅಲಂಕಾರವೋ, ವಂಚನೆಯೋ?

ಪ್ರಶ್ನೆಯು ಹೊಸತಲ್ಲ. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಅಚ್ಚಿಗೆ ತಂದ ಅರ್ಥಶಾಸ್ತ್ರದಲ್ಲಿ, ಗಾಜು ಮೊದಲಾದುವನ್ನು ಕೂಡಿಸುವುದನ್ನು ಕೌಟಿಲ್ಯನು 'ಕ್ಷೇಪಣ'ವೆಂದು ಕರೆದು ಅಕ್ಕಸಾಲಿಯ ನ್ಯಾಯವಾದ ಕೆಲಸಗಳಲ್ಲಿ ಎಣಿಸಿದ್ದಾನೆ. ಚಿನ್ನವನ್ನು ಕದಿಯುವ ಐದು ಉಪಾಯಗಳನ್ನು ಮುಂದಿನ ಅಧ್ಯಾಯದಲ್ಲಿ ಬೇರೆಯಾಗಿ ಹೇಳಿದ್ದಾನೆ. ಸ್ಫಟಿಕಕ್ಕೆ ಬಣ್ಣವಿಟ್ಟು ರತ್ನವೆನಿಸುವ ವಿದ್ಯೆಯನ್ನು ಭಾರತೀಯರು ಕಂಡುಹಿಡಿದರೆಂದು ರೋಮಿನ ಪ್ಲಿನಿಯು ಬರೆದನು. ಅದು ಹೊಗಳಿಕೆಯೋ ದೂರೋ, ವಾಚಕರೇ ನಿರ್ಣಯಿಸಲಿ.

ಕಣ್ಣಿಗೆ ಕಾಡಿಗೆ ಹಚ್ಚಿದವಳನ್ನು ಸುಳ್ಳುಗಾತಿಯೆಂದು ಯಾರೂ ಅನ್ನರು. ಬೇಗಡೆಯೂ ಹಾಗೆಯೇ, ಕಣ್ಣಿನ ವಿಷಯದಲ್ಲಿ ದೋಷವಿಲ್ಲ. ದೋಷವು ಹುಟ್ಟುವುದು ತಕ್ಕಡಿಯಲ್ಲಿ. ತಳಕಲ್ಲಿನಂಥ ಎರೆಹೊಲದ ಊರಿನಲ್ಲಿ ಒಡವೆಯು ಹಬ್ಬಕ್ಕಿಂತ ಹೆಚ್ಚಾಗಿ ಮಳೆ ತಪ್ಪಿದ ವರ್ಷಕ್ಕಾಗಿ ಇರತಕ್ಕದ್ದು. ಆಗ ವಿಧವೆಯೊಬ್ಬಳು ತನ್ನ ಮದುವೆಯ ಒಡವೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಹೋಗುತ್ತಾಳೆ. ಕೊಳ್ಳುವವನು ಅರಗನ್ನು ಕಳೆಯುತ್ತಾನೆ, ಹರಳನ್ನು ಕಳೆಯುತ್ತಾನೆ; ಕಳೆಯುವುದು ನ್ಯಾಯವೇ. ಆದರೆ ಮದುವೆಯಂದು ಆ ಅರಗಿಗೂ ಚಿನ್ನದ ಬೆಲೆಯನ್ನೇ ತೆಗೆದುಕೊಂಡಿದ್ದರೆ?

ರಾಜಶಾಸನವು ಇಲ್ಲಿ ನೆರವಾಗದು. 2021ರ ಜೂನಿನಿಂದ 256 ಜಿಲ್ಲೆಗಳಲ್ಲಿ ಚಿನ್ನದೊಡವೆಗೆ ಹಾಲ್‌ಮಾರ್ಕ್ ಮುದ್ರೆಯು ಕಡ್ಡಾಯವಾಯಿತು. ಕುಂದಣದ ಕೆಲಸಕ್ಕೆ ಮಾತ್ರ ವಿನಾಯಿತಿ ದೊರೆಯಿತು. ಅಮೆರಿಕೆಯಲ್ಲಿ ಬೆಳ್ಳಿಯಲ್ಲಿ ಫಿರೋಜಾ ಕಲ್ಲನ್ನು ಕೂಡಿಸುವ ನವಾಹೋ ಜನರಂಥವರ ರಕ್ಷಣೆಗೆಂದು 1990ರ ಕಾಯಿದೆಯೊಂದುಂಟು; ಅದು ಮಾಡಿದವರು ಯಾರೆಂದು ಸುಳ್ಳಾಡುವುದನ್ನು ಅಪರಾಧವೆನ್ನುತ್ತದೆ. ಹರಳಿನಡಿಯಲ್ಲಿ ಏನಿದೆಯೆಂಬುದಕ್ಕೆ ನಮ್ಮಲ್ಲಿ ಪತ್ತಾರನ ನಾಲಿಗೆಯೇ ಮುದ್ರೆ.

"ಕೇಳಿದ್ದರೆ ಹೇಳುತ್ತಿದ್ದೆನಲ್ಲ!" ಎಂದು ಅವನು ಹೇಳಬಹುದು. ಈ ಸಮಾಧಾನವು ಮೇಲ್ನೋಟಕ್ಕೆ ಬಲವಾದುದು, ಏಕೆಂದರೆ ಅವನು ಸುಳ್ಳನ್ನಾಡಲಿಲ್ಲ. ಆದರೆ ಕೇಳಬೇಕಾದರೆ ಅರಗು ಇರುವುದಾದರೂ ತಿಳಿದಿರಬೇಡವೇ? ತಿಳಿದ ಸಾಹುಕಾರನು ಕೇಳಿ ಉಳಿಸಿಕೊಳ್ಳುವನು. ತಿಳಿಯದವಳ ಮೌನವನ್ನೇ ಒಪ್ಪಿಗೆಯೆಂದು ಎಣಿಸುವುದು ಯಾವ ಧರ್ಮ? ಇದಕ್ಕೆ ಬೇಕಾದುದು ಮಹಾ ತ್ಯಾಗವೇನೂ ಅಲ್ಲ. ಅರಗು ತುಂಬುವ ಮೊದಲೊಮ್ಮೆ, ಹರಳು ಕೂಡಿಸಿದ ಮೇಲೊಮ್ಮೆ, ಅವಳ ಎದುರಿಗೇ ತೂಗಿ, ಎರಡು ತೂಕಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು.